ಕೆಳಮನೆಯ ಐವತ್ತಾರು ಲೀಟರ್

ಸರಸ್ವತಿಪುರಂನ ಪ್ರೇಮಲೀಲಾ ಯಾರ ಜೊತೆಗೂ ಹೊಂದಿಕೊಂಡವರಲ್ಲ. ಕಾಲೇಜಿನ ಭೌತಶಾಸ್ತ್ರ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷ ದುಡಿದು ನಿವೃತ್ತರಾದ ಒಂಟಿ ಹೆಂಗಸು. ಕೆಳಗೆ ತಾವಿದ್ದು, ಮಹಡಿಯನ್ನು ಚಂದ್ರಮೌಳಿ ಎಂಬವರಿಗೆ ಬಾಡಿಗೆಗೆ ಕೊಟ್ಟಿದ್ದರು. ಹೆಂಡತಿ ಸುಷ್ಮಾ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು ಅವರ ಸಂಸಾರ.

೧೯೯೮ರ ಕೊನೆಯಲ್ಲಿ ತಾರಸಿಯ ಮೇಲೆ ಎರಡೂ ಮನೆಗೆ ಸೇರಿ ನೂರು ಲೀಟರಿನ ಸೋಲಾರ್ ಹೀಟರ್ ಕೂರಿಸಿದರು. ಐದು ಜನಕ್ಕೆ ಧಾರಾಳವಾಯಿತು ಎಂದಿದ್ದರು ಅಂಗಡಿಯವರು. ಆದರೆ ಬೆಳಿಗ್ಗೆ ಏಳಕ್ಕೆಲ್ಲ ನಲ್ಲಿಯಲ್ಲಿ ತಣ್ಣೀರು. ಮೇಲಿನವರೇ ಸುರಿಯುತ್ತಿದ್ದಾರೆಂದು ತೀರ್ಮಾನಿಸಿದ ಪ್ರೇಮಲೀಲಾ, ಮಹಡಿಯ ವಾಲ್ವನ್ನು ಆರು ಗಂಟೆಗೇ ಮುಚ್ಚಿ ಬೀಗ ಹಾಕತೊಡಗಿದರು.

ಸುಷ್ಮಾ ಮಾತು ಬಿಟ್ಟರು. ಪ್ರೇಮಲೀಲಾ ಬಾಗಿಲಲ್ಲಿ ಹಾಕಿದ ರಂಗೋಲಿಯ ಮೇಲೆ ಬೇಕೆಂದೇ ಸ್ಕೂಟರ್ ಹತ್ತಿಸಿದರು. ಪ್ರೇಮಲೀಲಾ ಮೇಲಿನವರು ಬಟ್ಟೆ ಒಣಹಾಕುವ ಹಗ್ಗ ಕತ್ತರಿಸಿದರು.

ಜನವರಿಯ ಕೊನೆಗೆ, ಅವರ ತಪ್ಪನ್ನು ಮುಖಕ್ಕೆ ಹಿಡಿಯಲೆಂದೇ, ಪ್ರೇಮಲೀಲಾ ಅಳತೆಗೆ ಇಳಿದರು. ತಮ್ಮ ಬಚ್ಚಲಿಗೆ ಕಾಲಿಡಲು ಸುಷ್ಮಾ ಬಿಡಲಿಲ್ಲ. ಜಗಳದಿಂದ ಬೇಸತ್ತ ಚಂದ್ರಮೌಳಿ, ವಾಲ್ವಿನ ಬೀಗ ತೆಗೆದರೆ ತಾವೇ ಒಂದು ವಾರ ಅಳೆದು ಬರೆದುಕೊಡುವುದಾಗಿ ಹೇಳಿದರು. ಪ್ರೇಮಲೀಲಾ ಬೀಗ ತೆಗೆದು, ಕೆಳಗೆ ತಾವು ನಲ್ಲಿ ತಿರುಗಿಸಿದಾಗಲೆಲ್ಲ ಬಕೆಟ್ ಹಿಡಿದರು.

ಮೇಲಿನ ನಾಲ್ವರೂ ತಣ್ಣೀರು ಬೆರೆಸಿಕೊಂಡು ಮೀಯುತ್ತಿದ್ದರು. ಅವರಿಗೆ ಬಿದ್ದ ಬಿಸಿನೀರು ದಿನಕ್ಕೆ ನಲವತ್ತನಾಲ್ಕು ಲೀಟರ್. ಪ್ರೇಮಲೀಲಾ ಒಬ್ಬರದೇ ಐವತ್ತಾರು. ಅವರು ಮೂರು ಸಲ ಕೂಡಿ ನೋಡಿದರು. ತಾರಸಿಯಿಂದ ಕೆಳಮನೆಗೆ ಸುತ್ತಿ ಬರುವ ಉದ್ದನೆಯ ಪೈಪಿನಲ್ಲೇ ಆರು ಲೀಟರ್ ನಿಲ್ಲುತ್ತಿತ್ತು. ಮುಖಕ್ಕೆ, ಪಾತ್ರೆಗೆ, ನೋಯುವ ಕಾಲಿಗೆ ಎಂದು ಬೆಳಿಗ್ಗೆ ಆರು ಸಲ ನಲ್ಲಿ ತಿರುಗಿಸುತ್ತಿದ್ದ ಅವರು, ಪ್ರತಿ ಸಲವೂ ಪೈಪಿನಲ್ಲಿ ಆರಿಹೋದ ನೀರನ್ನು ಮೋರಿಗೆ ಬಿಟ್ಟು ಬಿಸಿ ಬರಲು ಕಾಯುತ್ತಿದ್ದರು. ಮೂವತ್ತಾರು ಲೀಟರ್ ಹೀಗೇ ಹೋಗುತ್ತಿತ್ತು.

ಮುಚ್ಚಿಡಬಹುದಿತ್ತು. ಅವರು ಮುಚ್ಚಿಡಲಿಲ್ಲ. ಅಳತೆಯ ಚೀಟಿ ಹಿಡಿದು ಮಹಡಿ ಹತ್ತಿ, ತಪ್ಪು ತಮ್ಮದೇ ಎಂದು ಹೇಳಿದರು.

ಸುಷ್ಮಾ ಚೀಟಿ ಮುಟ್ಟಲಿಲ್ಲ. "ಒಂದು ತಿಂಗಳು ನನ್ನ ಮಕ್ಕಳು ತಣ್ಣೀರು ಹುಯ್ಕೊಂಡು ನಡುಗ್ತಾ ಸ್ಕೂಲಿಗೆ ಹೋದ್ವು ಕಣ್ರೀ. ಬೀಗ ಹಾಕೋಕ್ ಮುಂಚೆ ಅಳೀಬೇಕಾಗಿತ್ತು ನೀವು."

ಪ್ರೇಮಲೀಲಾ ಚೀಟಿ ಮಡಚಿಕೊಂಡು ಕೆಳಗಿಳಿದರು. ಮರುದಿನದಿಂದ ಅವರು ಬೆಳಿಗ್ಗೆ ಒಂದೇ ಸಲ ನಲ್ಲಿ ತಿರುಗಿಸಿ, ಬೇಕಾದ್ದನ್ನೆಲ್ಲ ಹಂಡೆಗೆ ತುಂಬಿಕೊಂಡರು. ಎಂಟು ಗಂಟೆಗೂ ಮಹಡಿಯಲ್ಲಿ ಬಿಸಿನೀರು ಬಂತು. ಆದರೂ ಮಕ್ಕಳ ಪರೀಕ್ಷೆ ಮುಗಿದ ವಾರವೇ ಸುಷ್ಮಾ ಮನೆ ಖಾಲಿ ಮಾಡಿಸಿದರು. ಲಾರಿಗೆ ಸಾಮಾನು ಏರಿಸುವಾಗ ಪ್ರೇಮಲೀಲಾ ಗೇಟಿನವರೆಗೆ ಬಂದರು. ಚಂದ್ರಮೌಳಿ ಕೈ ಮುಗಿದರು. ಸುಷ್ಮಾ ಮಕ್ಕಳನ್ನು ಮುಂದೆ ಹತ್ತಿಸಿ, ತಿರುಗಿಯೂ ನೋಡದೆ ಹೋದರು.