ಮಗಳ ಹೆಸರಿನ ಪಿಯಾನೊ

ನಮ್ಮ ಕಡೆ ದೊಡ್ಡವರಿಗೆ ಏನಾದರೂ ಆಸೆಯಾದರೆ ಅದನ್ನು ಮಕ್ಕಳ ಹೆಸರಿನಲ್ಲಿ ಪಡುವುದು ರೂಢಿ. ನಮ್ಮ ಮಾವನವರಿಗೆ ಜಾಮೂನು ತಿನ್ನಬೇಕೆನಿಸಿದಾಗ, "ಮಗು ಯಾಕೋ ಸಪ್ಪಗಿದೆ, ಏನಾದ್ರೂ ಸಿಹಿ ಮಾಡ್ಬಾರ್ದಾ" ಎನ್ನುತ್ತಿದ್ದರು. ನಮ್ಮ ಮನೆಯವರು ಮಗಳಿಗೆಂದು ತಂದ ಕೇರಂ ಬೋರ್ಡಿನಲ್ಲಿ ಮಗಳಿಗೆ ಆಟ ಸಿಕ್ಕಿದ್ದು ಅವರ ಸ್ನೇಹಿತರು ಬಾರದ ಭಾನುವಾರಗಳಲ್ಲಿ ಮಾತ್ರ. ಇವರನ್ನೆಲ್ಲ ನೋಡಿ ಒಳಗೊಳಗೇ ನಗುತ್ತಿದ್ದ ನಾನು ಒಂದು ದಿನ ಸಾರು ಬಡಿಸುತ್ತಾ, "ಸಿಂಧುಗೊಂದು ಪಿಯಾನೊ ಕೊಡಿಸೋಣ" ಎಂದುಬಿಟ್ಟೆ. ಎಂಟನೇ ಕ್ಲಾಸಿನ ಸಿಂಧು ತುತ್ತನ್ನು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು. ಆಗ ಅವಳಿಗೆ ಲೋಕದಲ್ಲಿ ಇಷ್ಟವಿದ್ದದ್ದು ಖೋಖೋ ಒಂದೇ.

ನಿಮ್ಮ ಹತ್ತಿರ ಮುಚ್ಚಿಡುವುದೇನು, ಪಿಯಾನೊ ಬೇಕಾಗಿದ್ದದ್ದು ನನಗೆ. ತೊಂಬತ್ತರ ದಶಕದಲ್ಲಿ ನಾನು ತುಮಕೂರಿನ ಹೈಸ್ಕೂಲೊಂದಕ್ಕೆ ಗಣಿತದ ಮೇಡಂ ಆಗಿ ಹೊಸದಾಗಿ ಸೇರಿದ್ದೆ. ಪರೀಕ್ಷೆಯ ಡ್ಯೂಟಿಗೆಂದು ನನ್ನನ್ನು ಸಿಸ್ಟರ್‌ಗಳು ನಡೆಸುವ ಇನ್ನೊಂದು ಶಾಲೆಗೆ ಹಾಕಿದ್ದರು. ಉತ್ತರ ಪತ್ರಿಕೆ ಕಟ್ಟಿ ಒಪ್ಪಿಸಿದ ಮೇಲೆ ನೋಡಿದರೆ, ಹಾಲಿನ ಮೂಲೆಯಲ್ಲಿ ಬಟ್ಟೆ ಹೊದಿಸಿದ ದೊಡ್ಡದೊಂದು ಸಾಮಾನು. ಅತ್ತಿತ್ತ ನೋಡಿ ಮುಚ್ಚಳ ಎತ್ತಿ ಒಂದು ಬಿಳಿ ಕೀ ಒತ್ತಿದೆ. ಆ ಸ್ವರ ಹಾಲಿನ ತುಂಬ ಓಡಾಡಿಕೊಂಡು ಬಂತು. ಹಿಂದಿನಿಂದ ಯಾರೋ ಸಿಸ್ಟರ್, "ನುಡಿಸೋಕೆ ಬರುತ್ತಾ ಮೇಡಂ?" ಎಂದು ಪ್ರೀತಿಯಿಂದಲೇ ಕೇಳಿದರು. "ಇಲ್ಲ ಇಲ್ಲ, ಧೂಳು ಕೂತಿತ್ತು, ಒರೆಸ್ತಾ ಇದ್ದೆ" ಎಂದು ಸೆರಗಿನಿಂದ ಆ ಕೀಯನ್ನು ತಿಕ್ಕಿದೆ. ತಿಕ್ಕುವಾಗ ಇನ್ನೂ ಎರಡು ಸ್ವರ ಬಂದವು. ಆ ಮೂರು ಸ್ವರಗಳನ್ನೇ ಹತ್ತು ಹನ್ನೆರಡು ವರ್ಷ ಒಳಗಿಟ್ಟುಕೊಂಡಿದ್ದೆ.

ನಿಜವಾದ ಪಿಯಾನೊ ನಮ್ಮ ಕೈಗೆಟಕುವ ಮಾತಲ್ಲ. ಎಟಕಿದರೂ ತುಮಕೂರಿನ ಸದಾಶಿವನಗರದ ನಮ್ಮ ಮಹಡಿ ಮನೆಯ ಮೆಟ್ಟಿಲು ತಿರುಗುವ ಕಡೆ ಬೀರುವನ್ನೇ ಓರೆ ಮಾಡಿ ಹತ್ತಿಸಿದ್ದೆವು, ಇನ್ನು ಪಿಯಾನೊ ಹತ್ತುವುದುಂಟೇ. ಆದ್ದರಿಂದ ಡಿಜಿಟಲ್ ಪಿಯಾನೊ. ನಮ್ಮ ಮನೆಯವರು ಹಿರೇಹಳ್ಳಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್ ಸೆಕ್ಷನ್ನಿನವರು. ಕರೆಂಟಿನಲ್ಲಿ ಓಡುವ ವಸ್ತು ಎಂದು ತಿಳಿದ ಕೂಡಲೇ ಅವರಿಗೆ ಉತ್ಸಾಹ ಬಂತು. ಸೈಬರ್ ಕೆಫೆಯಿಂದ ಹಾಳೆಗಟ್ಟಲೆ ಪ್ರಿಂಟ್ ತೆಗೆಸಿಕೊಂಡು ಬಂದು ಕನ್ನಡಕ ಏರಿಸಿದರು. ಒಂದರಲ್ಲಿ ಅರವತ್ತೊಂದು ಕೀ, ಇನ್ನೊಂದರಲ್ಲಿ ಎಂಬತ್ತೆಂಟು. ಒಂದು ಏಕಕಾಲಕ್ಕೆ ಮೂವತ್ತೆರಡು ಸ್ವರ ಹಿಡಿಯುತ್ತದೆ, ಇನ್ನೊಂದು ಅರವತ್ತನಾಲ್ಕು. "ಇರೋದು ಹತ್ತು ಬೆರಳು. ಅರವತ್ನಾಲ್ಕು ಸ್ವರ ಯಾತಕ್ಕೆ?" ಎಂದು ಅವರು ಕೇಳಿದ್ದಕ್ಕೆ ನನ್ನ ಗಣಿತದಲ್ಲೂ ಉತ್ತರವಿರಲಿಲ್ಲ. ಕಾಲ ಕೆಳಗಿನ ಪೆಡಲ್ ತುಳಿದಿದ್ದರೆ ಮುಗಿದ ಸ್ವರಗಳೂ ಬಾಲ ಎಳೆಯುತ್ತಾ ಉಳಿಯುತ್ತವೆ, ಹೊಸವು ಬಂದು ಸೇರುತ್ತವೆ, ಹಾಗಾಗಿ ಅಷ್ಟು ಬೇಕು ಎಂದು ಆಮೇಲೆ ಓದಿ ತಿಳಿದುಕೊಂಡೆ. ಮಾತಾಡಿ ಮುಗಿಸಿದವರೂ ಎದ್ದು ಹೋಗದ ನಮ್ಮ ಸ್ಟಾಫ್ ರೂಮಿನ ಹಾಗೆ. ಓದಿದಷ್ಟೂ ನನ್ನ ಕುತೂಹಲ ಹೆಚ್ಚುತ್ತಿತ್ತು, ಸಿಂಧು ಮಾತ್ರ ದಿನೇ ದಿನೇ ಮೌನಿಯಾಗುತ್ತಿದ್ದಳು. ಸಂಗೀತದ ಗಾಂಭೀರ್ಯ ಈಗಲೇ ಬರುತ್ತಿದೆ ಎಂದುಕೊಂಡೆ.

ನಮ್ಮ ಕಡೆ ಇನ್ನೊಂದು ರೂಢಿಯಿದೆ, ಯಾವುದನ್ನೂ ಒಬ್ಬರೇ ಹೋಗಿ ಕೊಳ್ಳುವುದಿಲ್ಲ. ಎತ್ತಾದರೂ ಸರಿ, ಸೀರೆಯಾದರೂ ಸರಿ, ಜೊತೆಗೆ ಗೊತ್ತಿರುವವರೊಬ್ಬರು ಬೇಕು. ನನ್ನ ತವರು ಕುಣಿಗಲ್ ತಾಲ್ಲೂಕಿನ ಹುತ್ರಿದುರ್ಗದ ಬುಡದಲ್ಲಿ. ಅಲ್ಲಿ ತೆಂಗು, ರಾಗಿ ನೋಡಿಕೊಂಡಿರುವ ನನ್ನ ತಮ್ಮ, ಊರಿನ ಪೌರಾಣಿಕ ನಾಟಕದಲ್ಲಿ ಗದೆ ಹಿಡಿದು ಹಾಡುವವನು. ವಿಷಯ ಕೇಳಿ ಫೋನಿನಲ್ಲೇ ಬೈದ. "ಅಲ್ಲ ಕಣಕ್ಕಾ, ಒಬ್ಬ ಗೊತ್ತಿರೋನ್ನ ಕರ್ಕೊಂಡೋಗ್ದೆ ಪೆಟ್ಗೆ ತಗೋತಾರಾ? ನಮ್ಮ ಗಂಗಣ್ಣ ಮೇಷ್ಟ್ರನ್ನ ಕಳಿಸ್ತೀನಿ ಇರು." ಗಂಗಣ್ಣ ಮೇಷ್ಟ್ರು ಗುಬ್ಬಿಯವರು, ನಲವತ್ತು ವರ್ಷದಿಂದ ಊರೂರಿಗೆ ಹೋಗಿ ರೈತರಿಗೆ ನಾಟಕ ಕಲಿಸುವ ಹಾರ್ಮೋನಿಯಂ ಮೇಷ್ಟ್ರು. ಪಿಯಾನೊ ಆರಿಸಲು ಅವರೇಕೆ ಎಂದು ಕೇಳುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಕಪ್ಪು ಬಿಳಿ ಕೀ ಇದ್ದ ಮೇಲೆ ಅದು ಅವರ ಇಲಾಖೆಯೇ ಅಲ್ಲವೇ.

ಭಾನುವಾರ ಗುಬ್ಬಿ ಬಸ್ಸಿನಿಂದ ಇಳಿದವರೇ ಮೇಷ್ಟ್ರು ಬಿಳಿ ಜುಬ್ಬದ ತೋಳು ಮಡಿಸಿದರು. ತುಮಕೂರಿನಲ್ಲಿ ವಾದ್ಯ ಮಾರುವ ಅಂಗಡಿಯೊಂದರಲ್ಲಿ ತಬಲ, ಹಾರ್ಮೋನಿಯಂಗಳ ನಡುವೆ ಎರಡು ಮಾತ್ರ ನಮ್ಮ ಲೆಕ್ಕಕ್ಕೆ ಬರುವಂಥವು. ಒಂದು ಅರವತ್ತೊಂದು ಕೀಗಳ ಹಗುರವಾದ ಕೀಬೋರ್ಡು, ನೂರು ಥರದ ವಾದ್ಯ, ನೂರು ಥರದ ತಾಳ. ಇನ್ನೊಂದು ಎಂಬತ್ತೆಂಟು ಕೀಗಳ ಡಿಜಿಟಲ್ ಪಿಯಾನೊ. ಯಾರೋ ತರಿಸಿ ಬಿಡಿಸಿಕೊಳ್ಳದೆ ಹೋದದ್ದು, ಪಕ್ಕದಲ್ಲೊಂದು ಗೀರು ಬಿದ್ದದ್ದು, ಆ ಗೀರಿನಿಂದಲೇ ನಮಗೆ ಎಟಕುವಂತಾದದ್ದು.

ಮೇಷ್ಟ್ರು ಕೀಬೋರ್ಡಿನ ಮುಂದೆ ಕುಳಿತರು. ಬಲಗೈ ಸ್ವರ ಹಿಡಿಯಿತು, ಎಡಗೈ ತಾನಾಗಿಯೇ ಹಿಂದಕ್ಕೆ ಹೋಗಿ ಇಲ್ಲದ ತಿದಿಯನ್ನು ಒತ್ತತೊಡಗಿತು. ನೋಡಿ ತಾವೇ ನಕ್ಕು ಆ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು. ಅಂಗಡಿಯವರು ಹುಮ್ಮಸ್ಸಿನಿಂದ ಒಂದು ಬಟನ್ ತೋರಿಸಿದರು. ಅದನ್ನು ಒತ್ತಿದರೆ ಅದೇ ಕೀಗಳಲ್ಲೇ ಶ್ರುತಿ ಬದಲಾಗುತ್ತದೆ, ಕಪ್ಪು ಎರಡಾದರೂ ಬಿಳಿ ನಾಲ್ಕಾದರೂ ಬೆರಳು ಇದ್ದಲ್ಲೇ ಇರಬಹುದು. ಮೇಷ್ಟ್ರು ಎರಡು ಮೂರು ಸಲ ಒತ್ತಿ ನೋಡಿದರು.

"ಒಬ್ಬೊಬ್ಬ ಪಾತ್ರಧಾರಿಗೂ ಒಂದೊಂದ್ ಶ್ರುತಿ ಮೇಡಂ. ರಾಜ ಒಂದ್ ಕಡೆ, ಸಾರಥಿ ಒಂದ್ ಕಡೆ. ಎಲ್ಲಾರ ಗಂಟ್ಲಿಗೂ ಬೆರಳು ಪಳಗಿಸೋಕೆ ನಂಗೆ ಅರ್ಧ ಆಯಸ್ಸು ಹೋಯ್ತು. ಇದು ಒಂದ್ ಗುಂಡೀಲಿ ಮಾಡ್ತದಲ್ಲ!"

ಅವರಿಗೆ ಬೇಜಾರಾಯಿತೇನೋ ಎಂದು ನನಗೆ ಸಂಕಟವಾಯಿತು. ಅವರು ಮಾತ್ರ ಇನ್ನೊಂದು ಸಲ ಒತ್ತಿ, "ಜಾಣ ಮುಂಡೇದು" ಎಂದು ಅದರ ಬೆನ್ನು ತಟ್ಟಿ ಎದ್ದರು.

ಪಿಯಾನೊದ ಮುಂದೆ ಕುಳಿತಾಗ ಫಜೀತಿಯಾಯಿತು. ಒಂದು ಕೀ ಒತ್ತಿ ಹಿಡಿದು ಕಿವಿಗೊಟ್ಟರು. ಸ್ವರ ಸಣ್ಣಗಾಗುತ್ತಾ ಆಗುತ್ತಾ ನಿಂತುಹೋಯಿತು. ಮತ್ತೆ ಒತ್ತಿದರು, ಮತ್ತೆ ನಿಂತಿತು. ಬೆರಳನ್ನು ಕೀಯ ಮೇಲೇ ಇಟ್ಟುಕೊಂಡು ನಮ್ಮತ್ತ ತಿರುಗಿದರು. "ಇದು ಬ್ಯಾಡ ಬುಡಿ ಮೇಡಂ. ಕೆಟ್ಟೋಗೈತೆ. ನಾನು ಬೆರಳೇ ತಗ್ದಿಲ್ಲ, ಸ್ವರ ಸತ್ತೋಯ್ತದೆ." ನಮ್ಮ ಮನೆಯವರು ತಕ್ಷಣ ಬಗ್ಗಿ ಪ್ಲಗ್ ನೋಡಿದರು. ವೋಲ್ಟೇಜ್ ಕಡಿಮೆ ಇರಬೇಕು ಎಂದರು.

ಅಲ್ಲಿ ನಾನು ಸುಮ್ಮನಿರಬಹುದಿತ್ತು. ಇರಲಾಗಲಿಲ್ಲ. ಹಾರ್ಮೋನಿಯಂ ಉಸಿರಿನ ವಾದ್ಯ, ಗಾಳಿ ಹಾಕುವವರೆಗೂ ಸ್ವರ ಇರುತ್ತದೆ. ಪಿಯಾನೊದಲ್ಲಿ ಒಂದು ಪುಟ್ಟ ಸುತ್ತಿಗೆ ತಂತಿಗೆ ಹೊಡೆದು ಹಿಂದಕ್ಕೆ ಬೀಳುತ್ತದೆ, ಹೊಡೆದ ಮೇಲೆ ಆ ಸ್ವರ ನಮ್ಮ ಕೈಮೀರಿದ್ದು. ಈ ಡಿಜಿಟಲ್ಲಿನಲ್ಲಿ ಸುತ್ತಿಗೆಯೂ ಇಲ್ಲ, ತಂತಿಯೂ ಇಲ್ಲ. ಆದರೂ ಸ್ವರದ ಆ ಸಾವನ್ನು ಹಾಗೇ ಉಳಿಸಿದ್ದಾರೆ, ಬೆರಳಿಗೆ ಆ ಸುತ್ತಿಗೆಯ ಭಾರ ತಿಳಿಯಲೆಂದು ಕೀಯ ಒಳಗೆ ಬೇಕೆಂದೇ ತೂಕ ಇಟ್ಟಿದ್ದಾರೆ. ಇದನ್ನೆಲ್ಲ ಪಾಠದ ದನಿಯಲ್ಲಿ ಹೇಳುತ್ತಾ, "ಮೆಲ್ಲಗೆ ಒತ್ತಿದ್ರೆ ಹೀಗೆ, ಜೋರಾಗಿ ಒತ್ತಿದ್ರೆ ಹೀಗೆ" ಎಂದು ತೋರಿಸಲು ಸ್ಟೂಲಿನ ಮೇಲೆ ಕುಳಿತೆ. ಹಗುರವಾಗಿ ಮಾಡಬಹುದಾದ ವಸ್ತುವನ್ನು ಯಾರಾದರೂ ಯಾಕೆ ಭಾರ ಮಾಡುತ್ತಾರೆ ಎಂಬ ನನ್ನ ಪ್ರಶ್ನೆಗೆ ಬೆರಳೇ ಉತ್ತರ ಹೇಳಿತು. ಭಾರವಿಲ್ಲದ ಕಡೆ ಮೆಲ್ಲಗೆ ಎನ್ನುವುದಕ್ಕೂ ಜಾಗವಿರುವುದಿಲ್ಲ. ತಲೆ ಎತ್ತಿದಾಗ ಅಂಗಡಿಯವರು ಬೇರೆ ಗಿರಾಕಿಗೆ ತಬಲ ತೋರಿಸಿ ಕಳಿಸಿಯೂ ಆಗಿತ್ತು. ನನ್ನ ಚಪ್ಪಲಿ ಯಾವಾಗ ಬಿಟ್ಟಿದ್ದೆನೋ, ಸ್ಟೂಲಿನ ಪಕ್ಕದಲ್ಲಿತ್ತು.

"ಹಂಗಾರೆ ಇದೇ ತಗಳಿ" ಎಂದರು ಮೇಷ್ಟ್ರು.

ಗ್ಯಾರಂಟಿ ಕಾರ್ಡು ತೆಗೆದ ಅಂಗಡಿಯವರು, "ಯಾರ ಹೆಸ್ರಿಗೆ ಬರೀಲಿ?" ಎಂದರು. ಹೇಳುವ ಅವಕಾಶ ಇದಕ್ಕಿಂತ ಚೆನ್ನಾಗಿ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಆದರೆ, ನಲವತ್ತು ದಾಟಿದ ಹೆಂಗಸು, ಮನೆ ಸಾಲದ ನಡುವೆ, ತನಗೆ ಆಟಕ್ಕೊಂದು ಪಿಯಾನೊ ಬೇಕೆಂದು ಹೇಗೆ ಹೇಳುವುದು? ನಮ್ಮ ಮನೆಯವರು "ಸಿಂಧು" ಎಂದರು. ಸಿಂಧು ಬಾಗಿಲ ಹೊರಗೆ ರಸ್ತೆ ನೋಡುತ್ತಾ ನಿಂತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ಬೀಳ್ಕೊಡುವಾಗ ಮೇಷ್ಟ್ರು ದನಿ ತಗ್ಗಿಸಿ, "ಮಗೀನ ಕೈಲಿ ಒಂದ್ಸಲಾನೂ ಒತ್ಸಿ ನೋಡ್ಲಿಲ್ವಲ್ಲ ಮೇಡಂ ನಾವು" ಎಂದಷ್ಟೇ ಹೇಳಿ ಬಸ್ಸು ಹತ್ತಿದರು.

ಸಿಂಧು ವಾರಕ್ಕೆರಡು ಸಂಜೆ ಕೀಬೋರ್ಡ್ ಕ್ಲಾಸಿಗೆ ಹೋದಳು. ಖೋಖೋ ಪ್ರಾಕ್ಟೀಸೂ ಅದೇ ಹೊತ್ತಿಗೆ. ಅವಳು ಮನೆಯಲ್ಲಿಲ್ಲದಾಗ ನಾನು ಹೆಡ್‌ಫೋನ್ ಸಿಕ್ಕಿಸಿಕೊಂಡು ಅವಳ ಪುಸ್ತಕದಿಂದಲೇ ಕಲಿಯುತ್ತಿದ್ದೆ. ಡಿಜಿಟಲ್ ಪಿಯಾನೊದ ಅತಿ ದೊಡ್ಡ ಅನುಕೂಲ ಇದೇ ನೋಡಿ, ಹೊರಗಿನವರಿಗೆ ಕೀಗಳ ಟಕಟಕ ಬಿಟ್ಟರೆ ಏನೂ ಕೇಳಿಸುವುದಿಲ್ಲ. ಆಸೆಯನ್ನು ಬಚ್ಚಿಟ್ಟುಕೊಳ್ಳುವವರಿಗೆ ಹೇಳಿ ಮಾಡಿಸಿದ ವಾದ್ಯ. ಒಂದು ಸಂಜೆ ಹಾಗೆ ಕುಳಿತಿದ್ದಾಗ ಬೇಗ ಬಂದ ಸಿಂಧು ಹಿಂದೆ ನಿಂತು ಅಳುತ್ತಿದ್ದಳು. ಹೆಡ್‌ಫೋನ್ ತೆಗೆಯುವವರೆಗೂ ನನಗೆ ಅದು ಕೇಳಿಸಿರಲಿಲ್ಲ.

"ನನ್ನನ್ನ ಟೀಮಿಂದ ತೆಗೆದ್ಬಿಟ್ರು ಕಣಮ್ಮಾ. ನಂಗೆ ಪಿಯಾನೊ ಬೇಡ. ಅಷ್ಟು ಆಸೆಯಿಂದ ನಂಗೋಸ್ಕರ ಕೊಡ್ಸಿದೀರ, ಬೇಡ ಅಂದ್ರೆ ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ."

ನನಗೆ ನಾಚಿಕೆಯಾಯಿತು. ಜಾಮೂನಿನ ಮಾವನವರು ಮಗುವಿಗೂ ಎರಡು ಕೊಡುತ್ತಿದ್ದರು, ಯಾರ ಆಟವನ್ನೂ ಕಿತ್ತುಕೊಂಡಿರಲಿಲ್ಲ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, "ಇದು ನಿಂಗೋಸ್ಕರ ತಂದಿದ್ದಲ್ಲ ಕಣೇ, ನಂಗೆ ಬೇಕಿತ್ತು" ಎಂದೆ. ಅವಳು ಕಣ್ಣು ಒರೆಸಿಕೊಂಡು, "ಮೊದ್ಲೇ ಹೇಳೋಕೇನಾಗಿತ್ತು?" ಎಂದು ರೇಗಿದಳು. ಮರುದಿನ ನಾನೇ ಪಿ.ಟಿ. ಮಾಸ್ತರರ ಬಳಿ ಹೋಗಿ, ತಪ್ಪು ನನ್ನದು ಎಂದು ಹೇಳಿ, ಅವಳನ್ನು ಮೈದಾನಕ್ಕೆ ಸೇರಿಸಿ ಬಂದೆ. ಅಂದಿನಿಂದ ಹೆಡ್‌ಫೋನ್ ಡಬ್ಬಿ ಸೇರಿತು.

ವಾರದ ಮೇಲೆ ಪಕ್ಕದ ಮನೆಯವರು ಹೆಪ್ಪಿಗೆ ಮೊಸರು ಕೇಳಲು ಬಂದರು. ಬಟ್ಟಲು ಹಿಡಿದುಕೊಂಡು, ಹೇಳಲೋ ಬೇಡವೋ ಎಂಬಂತೆ, "ಸಿಂಧು ಪಿಯಾನೊ ಕೇಳ್ಸತ್ತೆ... ಪಾಪ, ಒಂದೇ ಕಡೆ ಎಡವ್ತಾಳಲ್ಲ ದಿನಾ" ಎಂದರು. ಸಿಂಧು ಕ್ಯಾನ್ವಾಸ್ ಶೂ ಕಟ್ಟಿಕೊಳ್ಳುತ್ತಾ ನನ್ನ ಮುಖವನ್ನೇ ನೋಡಿದಳು.

"ಅದು ಅವಳಲ್ಲ" ಎಂದೆ. "ಆ ತಪ್ಪುಗಳೆಲ್ಲ ನನ್ನವು."

ಹೇಳುವಾಗ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು.