ನಿಜ್ವಾದಲ್ಲಿ ಕೇಳಿದ ಸ್ವೀಡಿಷ್ ಹಾಡು

ಒಮಾನಿನ ನಿಜ್ವಾ ಪಟ್ಟಣದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ತಂಗಿ ಮಾಲಿನಿಯನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ.

"ಅಣ್ಣ, ಸ್ವಲ್ಪ ಇವರ ಹತ್ರ ಕೂತ್ಕೊ. ಇಲ್ಲಿನ ಕೋಟೆ ನೋಡ್ಲಿಕ್ಕೆ ಬಂದವ್ರು. ಪಾಪ, ಗಂಡ ಈಗಷ್ಟೇ ತೀರಿಹೋದ್ರು," ಎಂದಳು.

ಬೆಂಚಿನ ಮೇಲೆ ಅಮೆರಿಕದ ವೃದ್ಧೆಯೊಬ್ಬರು ಮೆಲ್ಲಗೆ ಏನೋ ಹಾಡಿಕೊಳ್ಳುತ್ತಿದ್ದರು. ಅದು ಇಂಗ್ಲಿಷ್ ಆಗಿರಲಿಲ್ಲ. ಯಾವ ಹಾಡೆಂದು ವಿಚಾರಿಸಿದೆ.

"ಸ್ವೀಡಿಷ್ ಪ್ರಾರ್ಥನೆ. ಸ್ವೀಡನ್ ಬಿಟ್ಟು ಅಮೆರಿಕಕ್ಕೆ ಹಡಗು ಹತ್ತಿದಾಗ ನಮ್ಮಜ್ಜಿ ತಂದದ್ದು. ನಮ್ಮ ಚರ್ಚಿನಲ್ಲಿ ಈಗ ಎಲ್ಲವೂ ಇಂಗ್ಲಿಷಿನಲ್ಲೇ. ಮನೆಯಲ್ಲಿ ನಾವು ಗಂಡ ಹೆಂಡತಿ ಇಬ್ಬರೇ ಹಾಡುತ್ತಿದ್ದೆವು."

ಅರ್ಥ ಕೇಳಿದೆ.

"ನನಗೆ ಗೊತ್ತಿಲ್ಲ. ಭಾಷೆ ಬರುತ್ತಿದ್ದದ್ದು ನನ್ನ ಗಂಡನಿಗೆ. ಹೇಳಿಕೊಡುತ್ತೇನೆ ಎಂದಾಗಲೆಲ್ಲ ನಾನೇ ಆಮೇಲೆ ಎನ್ನುತ್ತಿದ್ದೆ."

ಮಾಲಿನಿ ಬಂದು ನಮ್ಮನ್ನು ಒಳಗೆ ಕರೆದಳು. ಗಂಡನ ಪಕ್ಕ ನಿಂತು ಅವರು ಜೋರಾಗಿಯೇ ಹಾಡಿದರು. ಮೊದಲ ಚರಣ ಮುಗಿಯುತ್ತಲೇ ರೂಢಿಯಂತೆ ನಿಲ್ಲಿಸಿ, ಮುಂದಿನದನ್ನು ಗಂಡ ಎತ್ತಿಕೊಳ್ಳಲೆಂದು ಕಾದರು.