ಮರಳಿನಲ್ಲಿ ಎರಡು ಒರತೆ

ನಾನು ಚಿಕ್ಕವಳಿದ್ದಾಗ, ಬೇಸಿಗೆ ಬಂತೆಂದರೆ ಕಾಡಂಚಿನ ತಿಗನಾರೆ ಊರಿನ ನಮ್ಮ ಮನೆಗೆ ನೀರು ಬರುತ್ತಿದ್ದುದು ಅಕ್ಕನ ಸೊಂಟದ ಮೇಲೆ. ಹಳ್ಳ ಒಣಗಿದರೂ ಮರಳಿನಡಿ ನೀರಿರುತ್ತಿತ್ತು. ಅಪ್ಪ ಗುಂಡಿ ತೋಡಿದರೆ ಸಾಕು, ತಣ್ಣಗೆ ಒಸರಿ ನಿಲ್ಲುತ್ತಿತ್ತು. ಅದೇ ನಮ್ಮ ಒರತೆ. ತೆಂಗಿನ ಚಿಪ್ಪಿನಲ್ಲಿ ಮೊಗೆದು ಕೊಡ ತುಂಬಬೇಕು. ಆ ನೀರಿನ ಮುಂದೆ ನಿಮ್ಮ ಬಾಟಲಿ ನೀರು ಬರೀ ಸಪ್ಪೆ, ಬಿಡಿ ಮಕ್ಕಳೇ.

ತೊಂದರೆ ಒಂದೇ. ಬೆಳಗಿನ ಜಾವ ಕಾಡಿನ ಜಿಂಕೆಗಳು ಬಂದು ಕುಡಿದು, ನೀರನ್ನು ರಾಡಿ ಮಾಡಿ ಹೋಗುತ್ತಿದ್ದವು. "ಇವತ್ತೂ ಕಲುಕ್ಬುಟ್ಟವಲ್ಲ, ಇಸ್ಕೂಲ್ಗೆ ಒತ್ತಾಯ್ತು!" ಎನ್ನುತ್ತ ಅಕ್ಕ ನೀರು ತಿಳಿಯಾಗುವವರೆಗೂ ಕಾಯುತ್ತಿದ್ದಳು. ತಡವಾಗಿ ಹೋದವಳನ್ನು ಮೇಷ್ಟ್ರು ಹೊರಗೆ ನಿಲ್ಲಿಸುತ್ತಿದ್ದರು. ನನಗೆ ಸಿಟ್ಟು ತಡೆಯಲಾಗಲಿಲ್ಲ. ಒಂದು ಸಂಜೆ ಯಾರಿಗೂ ಹೇಳದೆ ಒರತೆಯ ಬಾಯಿಗೆ ಮುಳ್ಳಿನ ಕೊಂಬೆ ತುರುಕಿ, ಕಲ್ಲು ಹೇರಿ ಬಂದೆ.

ಮರುದಿನ ಅಪ್ಪನೂ ನಮ್ಮ ಜೊತೆ ಬಂದ. ನೀರು ತಿಳಿಯಾಗಿಯೇ ಇತ್ತು. ಆದರೆ ಸುತ್ತಲೂ ಗೊರಸಿನ ಗುರುತು. ಪಾಪ, ಸುತ್ತಿ ಸುತ್ತಿ ನಡೆದಿದ್ದವು. ದೊಡ್ಡವುಗಳ ಪಕ್ಕದಲ್ಲಿ ನನ್ನ ಹೆಬ್ಬೆರಳಿನಷ್ಟು ಪುಟ್ಟ ಗುರುತುಗಳು, ಮರಿಯವು. ಒಂದು ಮುಳ್ಳಿನ ತುದಿಯಲ್ಲಿ ರಕ್ತ ಒಣಗಿತ್ತು. ನಾನು ಜೋರಾಗಿ ಅತ್ತುಬಿಟ್ಟೆ.

ಅಪ್ಪ ಬೈಯಲಿಲ್ಲ. ಮುಳ್ಳನ್ನೆಲ್ಲ ಕಿತ್ತೆಸೆದು ನಮ್ಮ ಒರತೆಗೆ ಹಲಗೆ ಮುಚ್ಚಿದ. ಹಳ್ಳದ ಗುಂಟ ಹತ್ತು ಮಾರು ಕೆಳಗೆ ಇನ್ನೊಂದು ಗುಂಡಿ ತೋಡಿ, ಮರಿ ಇಳಿದು ಹತ್ತುವಂತೆ ಒಂದು ಬದಿ ಇಳಿಜಾರು ಮಾಡಿದ.

"ಇದು ಅವುಕ್ಕೆ ಕಣವ್ವ. ನಮ್ಮದ್ರಲ್ಲಿ ಮೂರು ಕೊಡಕ್ಕೆ ನಿಲ್ಸ್ಬುಡಿ. ನಾವ್ ತಳ ಬಳುದ್ರೆ ಇಲ್ಲೂ ಬತ್ತೋಯ್ತದೆ."

ಎರಡು ದಿನ ಆ ಗುಂಡಿಯ ಸುತ್ತ ಮರಳು ನುಣ್ಣಗೇ ಇತ್ತು, ಒಂದು ಗೊರಸಿನ ಗುರುತೂ ಇಲ್ಲ. ಮರಿ ಬಾಯಾರಿ ಸತ್ತೇ ಹೋಯಿತೇನೋ ಎಂದು ನಾನು ಮತ್ತೆ ಮತ್ತೆ ಹೋಗಿ ಇಣುಕುತ್ತಿದ್ದೆ. ಮೂರನೆಯ ಬೆಳಗ್ಗೆ ನೋಡುತ್ತೇನೆ, ಇಳಿಜಾರಿನಲ್ಲಿ ಹೆಬ್ಬೆರಳಿನಷ್ಟು ಗುರುತುಗಳು! ಗುಂಡಿಯ ನೀರು ಪೂರ್ತಿ ರಾಡಿ.

"ಕಲುಕ್ಬುಟ್ಟವೆ ಕಣಕ್ಕಾ, ಕಲುಕ್ಬುಟ್ಟವೆ!" ಎಂದು ನಾನು ಕುಣಿದಾಡಿದೆ. ಅಕ್ಕನೂ ಕೊಡ ಇಳಿಸಿ ನಕ್ಕಳು.

ಈಗ ನಿಮಗೆ ನಲ್ಲಿ ತಿರುಗಿಸಿದರೆ ನೀರು. ಅಕ್ಕನ ಹಾಗೆ ಕಾಯಬೇಕಿಲ್ಲ, ನನಗದು ಸಂತೋಷವೇ. ಆದರೆ ಯಾರು ಕುಡಿಯದೆ ಹೋದರೆಂದು ನಮಗೆ ಮರಳು ತೋರಿಸುತ್ತಿತ್ತು, ನಲ್ಲಿಯ ಕೆಳಗಿನ ಸಿಮೆಂಟು ತೋರಿಸುವುದಿಲ್ಲ. ನಮ್ಮ ಬೋರ್‌ವೆಲ್ ಎಳೆಯುವುದೂ ಆ ಹಳ್ಳದಡಿಯ ನೀರನ್ನೇ ಮಕ್ಕಳೇ. ಟ್ಯಾಂಕು ತುಂಬಿ ಸುರಿಯುವಾಗ "ಮೋಟಾರು ನಿಲ್ಲಿಸಿ" ಎಂದು ನಾನು ಕೂಗಿದರೆ ಅಜ್ಜಿ ಗೊಣಗುತ್ತಾಳೆ ಎಂದು ನಗಬೇಡಿ. ನೀರು ಕುಡಿಯಲು ಆ ಮರಿಯ ಸರದಿ ಬಂತೆಂದು ತಿಳಿದು, ಓಡಿಹೋಗಿ ನಿಲ್ಲಿಸಿ.